ಶಾಲು ಹೊದಿಸಿದೆವು, ಕಿವಿ ಕೊಡಲಿಲ್ಲ

ಬೆಂಗಳೂರಿನ ಹುಡುಗರ ತಂಡವೊಂದು ಹೊಸ ಆಲ್ಬಂ ತಂದರೆ ಪತ್ರಿಕೆಗಳಲ್ಲಿ ಅದರ ವಿಮರ್ಶೆ ಬರುತ್ತದೆ. ಗಿಟಾರ್ ಹೇಗಿದೆ, ಸಾಹಿತ್ಯ ಎಲ್ಲಿ ಗಟ್ಟಿಯಾಗಿದೆ, ಎರಡನೆಯ ಹಾಡು ಯಾಕೆ ಸೊರಗಿತು ಎಂದೆಲ್ಲ ಬರೆಯುತ್ತಾರೆ. ಬರೆಯಬೇಕಾದದ್ದೇ. ಆದರೆ ಮಳವಳ್ಳಿ ಸೀಮೆಯ ನೀಲಗಾರನೊಬ್ಬ ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡಿದರೆ ಮರುದಿನ ಜಿಲ್ಲಾ ಪುಟದಲ್ಲಿ ಒಂದು ಫೋಟೊ, ಅದರ ಕೆಳಗೆ ‘ಜನಮನ ಸೂರೆಗೊಂಡ ಜಾನಪದ ಗಾಯನ’ ಎಂಬ ಅಡಿಬರಹ. ಹಾಡಿದವರು ಯಾರು, ಕತೆಯ ಯಾವ ಭಾಗ ಹಾಡಿದರು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಕುಂಟಿತು, ಯಾವುದೂ ಇಲ್ಲ. ಉದ್ಘಾಟಿಸಿದ ಗಣ್ಯರ ಹೆಸರು ಮಾತ್ರ ಒಂದೂ ತಪ್ಪುವುದಿಲ್ಲ.

ಇದನ್ನು ಬರೀ ಅಲಕ್ಷ್ಯ ಎನ್ನಲಾಗದು. ನೀಲಗಾರರಿಗೆ, ಕಂಸಾಳೆಯವರಿಗೆ, ತಂಬೂರಿ ಪದದವರಿಗೆ ನಾವು ಶಾಲು ಹೊದಿಸಿದ್ದೇವೆ, ಪ್ರಶಸ್ತಿಯನ್ನೂ ಕೊಟ್ಟಿದ್ದೇವೆ. ಕೊಡದೆ ಉಳಿದದ್ದು ವಿಮರ್ಶೆ. ‘ಜಾನಪದ’ ಎಂದು ಹೆಸರಿಟ್ಟ ಕೂಡಲೆ ಆ ಹಾಡು ಯಾರೊಬ್ಬರದೂ ಅಲ್ಲದ, ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲದ ಸಾರ್ವಜನಿಕ ಸ್ವತ್ತಾಗಿಬಿಡುತ್ತದೆ. ಹಾಡುಗಾರನಿಗೆ ಗೌರವ ಸಿಕ್ಕರೂ ಕಲಾವಿದನೆಂಬ ಸ್ಥಾನ ಸಿಗುವುದಿಲ್ಲ. ಇದರ ನಷ್ಟ ಹಾಡುಗಾರನಿಗಷ್ಟೇ ಅಲ್ಲ, ಅವನ ಹಾಡಿನಿಂದ ಕಡ ತರುವ ಹೊಸ ತಂಡಗಳಿಗೂ ಇದೆ.

ಸಿನಿಮಾ ಸಂಗೀತದ ಹಂಗಿಲ್ಲದೆ, ತಾನೇ ಹಾಡು ಕಟ್ಟಿ, ತನ್ನ ಕೇಳುಗರನ್ನು ತಾನೇ ಹುಡುಕಿಕೊಳ್ಳುವ ಸಂಗೀತವನ್ನು ಈಗ ‘ಇಂಡಿ’ ಎನ್ನುತ್ತಾರೆ (ವಿಜಯಪುರ ಜಿಲ್ಲೆಯ ತಾಲೂಕಿಗೂ ಇದಕ್ಕೂ ಸಂಬಂಧವಿಲ್ಲ). ನೆಲದ ಹಾಡಿನಿಂದ ಹುಟ್ಟಿದ್ದಾದರೆ ‘ರೂಟ್ಸ್’. ಈ ಎರಡೂ ಮಾತು ಒಪ್ಪುವುದಾದರೆ ಮಂಡ್ಯ, ಮದ್ದೂರು, ಮಳವಳ್ಳಿಯ ನೀಲಗಾರರಿಗಿಂತ ಹಳೆಯ ಇಂಡಿ ಸಂಗೀತಗಾರರು ಎಲ್ಲಿದ್ದಾರೆ? ಜಾತ್ರೆ, ಹರಕೆ, ಮನೆಯಂಗಳದ ರಾತ್ರಿಗಳೇ ಅವರ ವೇದಿಕೆ. ಅದಕ್ಕೆ ಪ್ರಾಯೋಜಕರು ಬೇಕಿಲ್ಲ.

ಇವರು ಹಾಡುವ ಕಾವ್ಯದ ಊರುಗಳೂ ಇಲ್ಲಿಯವೇ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನಿಡಘಟ್ಟದಲ್ಲಿ ಎರಡು ಭಾಗ ಮಾಡಿ ಕಟ್ಟಿದರು. ಹಾಗಾಗಿ ಮದ್ದೂರು ತಾಲೂಕಿನ ಆ ಊರಿನ ಹೆಸರು ಗುತ್ತಿಗೆ ಕಾಗದಗಳಲ್ಲೆಲ್ಲ ಓಡಾಡಿತು. ನೀಲಗಾರರ ಬಾಯಲ್ಲಿ ನಿಡಘಟ್ಟ ಎಂದರೆ ಪಾಂಚಾಳರ ಮಗ ಕೆಂಪಾಚಾರಿಯ ಊರು. ಮಂಟೇಸ್ವಾಮಿ ಈ ಹುಡುಗನನ್ನು ಶಿಶುಮಗನಾಗಿ ಕೇಳುತ್ತಾನೆ, ಹೆತ್ತವರು ಕೊಡುವುದಿಲ್ಲ ಎನ್ನುತ್ತಾರೆ. ಕೆಂಪಾಚಾರಿಯೇ ಮುಂದೆ ಸಿದ್ದಪ್ಪಾಜಿಯಾಗಿ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋಗುತ್ತಾನೆ. ಹಲಗೂರು ಮಳವಳ್ಳಿ ತಾಲೂಕಿನದು. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರವೂ ಅದೇ ತಾಲೂಕಿನದು. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿದೆ. ಬನದ ಹುಣ್ಣಿಮೆಗೆ ಅಲ್ಲಿ ಚಂದ್ರಮಂಡಲ ಉರಿದು ಜಾತ್ರೆ ಶುರುವಾಗುತ್ತದೆ. ಐದು ದಿನದ ಆ ಜಾತ್ರೆಯಲ್ಲಿ ಜಾತಿಭೇದವಿಲ್ಲದೆ ಜನ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆಯೂ ಇದೆ.

ನೀಲಗಾರರು ಬಹುಪಾಲು ದಲಿತ ಮತ್ತು ಹಿಂದುಳಿದ ಸಮುದಾಯಗಳಿಂದ ಬಂದವರು, ದೀಕ್ಷೆ ಪಡೆದು ಹಾಡುವವರು. ಕೈಯಲ್ಲಿ ತಂಬೂರಿ, ಗಗ್ಗರ, ಜೊತೆಗೆ ತಾಳ, ಹಿಮ್ಮೇಳದ ದನಿ. ಮುಖ್ಯ ಹಾಡುಗಾರ ಒಂದಷ್ಟು ಹಾಡುತ್ತಾನೆ, ನಿಲ್ಲಿಸಿ ಮಾತಿನಲ್ಲಿ ಕತೆ ಹೇಳುತ್ತಾನೆ, ಮತ್ತೆ ಮಾತಿನಿಂದ ಹಾಡಿಗೆ ಏರುತ್ತಾನೆ. ಕತೆಯ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು. ಕಲ್ಯಾಣದ ಸಾಲು, ಹಲಗೂರಿನ ಸಾಲು ಹೀಗೆ.

ಕೇಳಿ ಪಳಗಿದವರಿಗೆ ಒಳ್ಳೆಯ ನೀಲಗಾರ ಯಾರು, ಸಾಧಾರಣ ಯಾರು ಎಂಬುದು ಚೆನ್ನಾಗಿ ಗೊತ್ತು. ಮಾತು ಯಾವ ಗಳಿಗೆಯಲ್ಲಿ ಹಾಡಾಗಬೇಕು ಎಂಬುದು ಮೊದಲ ಪರೀಕ್ಷೆ. ಅವಸರಪಟ್ಟವನು ಕತೆಯನ್ನು ಕೆಡಿಸುತ್ತಾನೆ, ತಡಮಾಡಿದವನು ಜನರನ್ನು ಮಲಗಿಸುತ್ತಾನೆ. ಕೆಂಪಾಚಾರಿಯ ತಾಯಿ ಮಗನನ್ನು ಬಿಡಲಾರದೆ ಅಳುವಾಗ ಹಾಡುಗಾರ ಬರೀ ಗಂಟಲು ನಡುಗಿಸಿದರೆ ಸಾಲದು, ಅಲ್ಲಿ ಮದ್ದೂರಿನ ಹೆಂಗಸೊಬ್ಬಳ ಮಾತಿನ ಧಾಟಿ ಕೇಳಬೇಕು. ಹಲಗೂರಿನ ಪಾಂಚಾಳರು ಸಿದ್ದಪ್ಪಾಜಿಯನ್ನು ಗೇಲಿ ಮಾಡುವಲ್ಲಿ ನಗು ಬರಬೇಕು, ಆ ನಗು ಹಿಂದೆಯೇ ಗಂಟಲಲ್ಲಿ ಸಿಕ್ಕಿಕೊಳ್ಳಬೇಕು. ಈ ಮಾನದಂಡಗಳು ಜಾತ್ರೆಯ ಬಯಲಲ್ಲಿ ಜೀವಂತವಾಗಿವೆ. ಅಚ್ಚಿನ ಪುಟಕ್ಕೆ ಮಾತ್ರ ಬಂದಿಲ್ಲ.

ಭಕ್ತಿಯ ಹಾಡನ್ನು ವಿಮರ್ಶಿಸಬಹುದೆ ಎಂದು ಕೆಲವರು ಅಳುಕುತ್ತಾರೆ. ಅವರು ಕಲ್ಯಾಣದ ಸಾಲನ್ನು ಕೇಳಬೇಕು. ಬಸವಣ್ಣನ ಕಲ್ಯಾಣದಲ್ಲಿ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿದ್ದಾರೆ ಎಂಬ ಕೀರ್ತಿ. ಅವರನ್ನು ಪರೀಕ್ಷಿಸಲು ಮಂಟೇಸ್ವಾಮಿ ಹೊಲಸು ಮೈಯ, ನಾರುವ ರೂಪದಲ್ಲಿ ಬರುತ್ತಾನೆ. ಬಾಗಿಲಲ್ಲಿ ಪೆಟ್ಟು ತಿನ್ನುತ್ತಾನೆ. ಸಮಾನತೆಯ ಮಾತಾಡುವ ಊರು ನಿಜವಾದ ತಿಪ್ಪೆಯ ಮನುಷ್ಯನನ್ನು ಒಳಗೆ ಬಿಟ್ಟುಕೊಳ್ಳುತ್ತದೆಯೆ ಎಂಬುದು ಕಾವ್ಯದ ಪ್ರಶ್ನೆ. ಕನ್ನಡದ ಅತಿ ದೊಡ್ಡ ಸಾಮಾಜಿಕ ಚಳವಳಿಯನ್ನೇ ಕೆಳಗಿನಿಂದ ನಿಂತು ಒರೆಗೆ ಹಚ್ಚಿದ ಹಾಡು ಇದು. ಕಲ್ಯಾಣವನ್ನೇ ಬಿಡದವರು ನಮ್ಮ ನಿಮ್ಮ ವಿಮರ್ಶೆಗೆ ಹೆದರುವರೆ?

ವಿದ್ವಾಂಸರು ಈ ಹಾಡುಗಳನ್ನು ಕಡೆಗಣಿಸಿಲ್ಲ ಎಂಬುದನ್ನು ಹೇಳಲೇಬೇಕು. ನಾಗಮಂಗಲದ ಕಡೆಯವರೇ ಆದ ಜೀ.ಶಂ. ಪರಮಶಿವಯ್ಯ, ಎಚ್.ಎಲ್. ನಾಗೇಗೌಡರ ದುಡಿಮೆ ದೊಡ್ಡದು. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದರು. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಮಹಾಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಇದರಿಂದ ಪಠ್ಯ ಉಳಿಯಿತು, ಆದರೆ ಪುಸ್ತಕದಲ್ಲಿ ಗಗ್ಗರದ ಸದ್ದಿಲ್ಲ. ಸಂಗೀತವನ್ನು ಸಂಗೀತವಾಗಿ ಕೇಳಿ ಬರೆಯುವ ಕೆಲಸ ಬೇರೆಯೇ.

ಆ ಕೆಲಸಕ್ಕೆ ಕ್ಯಾಸೆಟ್ಟಿನಿಂದಲೇ ಶುರುಮಾಡಬಹುದಿತ್ತು. ಮಳವಳ್ಳಿ ಮಹದೇವಸ್ವಾಮಿಯವರ ದನಿ ಕೇಳದ ಊರು ಈ ಮೂರು ತಾಲೂಕುಗಳಲ್ಲಿ ಇರಲಾರದು. ಟ್ರಾಕ್ಟರಿನಲ್ಲಿ, ಹೋಟೆಲಿನಲ್ಲಿ, ಖಾಸಗಿ ಬಸ್ಸಿನಲ್ಲಿ ಮಂಟೇಸ್ವಾಮಿಯೂ ಮಾದಪ್ಪನೂ ಆ ಕ್ಯಾಸೆಟ್ಟುಗಳಿಂದ ಮಾತಾಡಿದರು. ಜಾತ್ರೆಗೆ ಹೋಗದವರ ಮನೆಗೂ ಕತೆ ಬಂತು. ಮೇಲಿನ ಸ್ಥಾಯಿಯಲ್ಲೂ ಅಕ್ಷರ ಮುಕ್ಕಾಗದ ಅವರ ಉಚ್ಚಾರ ಇದಕ್ಕೆ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ. ಆದರೆ ಕ್ಯಾಸೆಟ್ಟು ಎಂಬ ರೂಪ ತನ್ನ ಬೆಲೆಯನ್ನೂ ವಸೂಲು ಮಾಡಿತು. ಒಂದು ಬದಿಗೆ ಮೂವತ್ತು ನಿಮಿಷ ಎಂದರೆ ಕತೆ ಅಲ್ಲಿಗೆ ತುಂಡಾಗಲೇಬೇಕು. ಇಂಥ ಧ್ವನಿಮುದ್ರಣಗಳಲ್ಲಿ ಮಾತಿನ ಭಾಗ ಸಣ್ಣದಾಯಿತು, ಸ್ತುತಿ ಉದ್ದವಾಯಿತು, ತಂಬೂರಿಯ ಜಾಗಕ್ಕೆ ಕೀಬೋರ್ಡ್ ಬಂತು. ಕಲಿಯುವ ಹುಡುಗರು ಗುರುವಿನ ಬದಲು ಕ್ಯಾಸೆಟ್ಟನ್ನೂ, ಈಗ ಯೂಟ್ಯೂಬನ್ನೂ ಹಿಡಿದ ಮೇಲೆ ಒಬ್ಬರ ಧಾಟಿಯೇ ಎಲ್ಲರ ಧಾಟಿಯಾಗುವ ಅಪಾಯವಿದೆ. ಇದನ್ನು ಆಗಲೇ ಯಾರಾದರೂ ಬರೆದಿದ್ದರೆ ತಯಾರಕರಿಗೂ ಹಾಡುಗಾರರಿಗೂ ಉಪಕಾರವಾಗುತ್ತಿತ್ತು.

ಇನ್ನು ಹೊಸ ತಂಡಗಳು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರನ್ನು ಹಾಡಿದರು. 1819ರಲ್ಲಿ ಹುಟ್ಟಿ, ಗೋವಿಂದಭಟ್ಟರನ್ನು ಗುರುವೆಂದು ನಂಬಿ, 1889ರಲ್ಲಿ ತೀರಿಕೊಂಡ ಶರೀಫರು ಹೀಗೆ ಗಿಟಾರಿನ ಹುಡುಗರ ಬಾಯಿಗೆ ಬಂದದ್ದು ಸಣ್ಣ ಸಂಗತಿಯಲ್ಲ. 1990ರ ನಾಗಾಭರಣರ ಚಿತ್ರಕ್ಕೆ ಸಿ. ಅಶ್ವಥ್ ಹಾಡಿದ ಶರೀಫರು ನಮ್ಮ ತಲೆಮಾರಿನ ಶರೀಫರು. ಕನ್ನಡ ಸರಿಯಾಗಿ ಓದಲು ಬಾರದ ಮಕ್ಕಳಿಗೂ ಶರೀಫರನ್ನು ತಲುಪಿಸಿದ್ದು ರಘು. ಗುಡುಗುಡಿಯ ಪದದಲ್ಲಿ ಅವರ ಕುಣಿತದ ಲಯ ಚೆನ್ನಾಗಿ ಹೊಂದುತ್ತದೆ. ಅದು ಕೀಟಲೆಯ ಪದ, ಕೀಟಲೆ ಕೈಗೂಡಿದೆ. ಸೋರುವ ಮಾಳಿಗೆಯ ಪದದಲ್ಲಿ ಮಾತ್ರ ನನಗೆ ತಕರಾರಿದೆ. ಮಾಳಿಗೆಯ ನೆಪದಲ್ಲಿ ತನ್ನ ಒಳಗಿನ ಕತ್ತಲನ್ನು ಹೇಳಿಕೊಳ್ಳುವವನ ಆತಂಕ ಅದರಲ್ಲಿದೆ. ತತ್ವಪದಗಾರ ಅಲ್ಲಿ ತಡೆದು, ಕೇಳುವವನು ಒಗಟು ಬಿಡಿಸಲು ಸಮಯ ಕೊಡುತ್ತಾನೆ. ವಾದ್ಯಗಳ ಭರಾಟೆಯಲ್ಲಿ ಆ ತಡೆ ಇಲ್ಲವಾಗಿ ಒಗಟು ಬರೀ ಪಲ್ಲವಿಯಾಗುತ್ತದೆ. ಜನ ಕೂಡಿ ಹಾಡುತ್ತಾರೆ, ಯಾರೂ ಬೆಚ್ಚುವುದಿಲ್ಲ.

ಸ್ವರಾತ್ಮ ತಂಡದ 2009ರ ಆಲ್ಬಮ್ಮಿನಲ್ಲಿ ಕಾವೇರಿಯ ಜಗಳವನ್ನು ನದಿಯ ಕಡೆಯಿಂದ ನೋಡುವ ‘ಪ್ಯಾಸಿ’ ಎಂಬ ಹಾಡಿದೆ. ಜಗಳ ಮಾಡುವ ಎರಡು ರಾಜ್ಯಗಳನ್ನು ಬಿಟ್ಟು ನದಿಗೇ ಬಾಯಿ ಕೊಟ್ಟದ್ದು ದಿಟ್ಟ ಯೋಚನೆ. ಆದರೆ ಹಾಡು ಹಿಂದಿಯಲ್ಲಿದೆ. 2016ರಲ್ಲಿ ನೀರಿಗಾಗಿ ರಸ್ತೆಯಲ್ಲಿ ಕೂತ ಮಂಡ್ಯ, ಮದ್ದೂರಿನ ರೈತನಿಗೆ ಆ ನದಿ ಪರಭಾಷೆಯಲ್ಲಿ ಅಳುತ್ತಿದೆ. ದೇಶಕ್ಕೆಲ್ಲ ಕೇಳಿಸಲು ತಂಡ ಹಿಂದಿಯನ್ನು ಆರಿಸಿಕೊಂಡಿರಬಹುದು. ಹಾಗೆ ಮಾಡಿದಾಗ ಯಾರ ನದಿಯೋ ಅವರೇ ಹೊರಗುಳಿಯುತ್ತಾರೆ ಎಂಬುದನ್ನು ವಿಮರ್ಶಕ ಹೇಳಬೇಕು.

ಇಂಥ ಮಾತುಕತೆ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ 2020ರ ‘ಕೋಲುಮಂಡೆ’ ಉದಾಹರಣೆ. ಮಲೆ ಮಾದೇಶ್ವರನ ಕಾವ್ಯದ ಹಾಡನ್ನು ತೆಗೆದುಕೊಂಡು ಚಂದನ್ ಶೆಟ್ಟಿ ವಿಡಿಯೊ ಮಾಡಿದರು. ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು, ಹಾಡುಗಾರ ಕ್ಷಮೆ ಕೇಳಿದರು, ವಿಡಿಯೊ ಹಿಂದಕ್ಕೆ ಹೋಯಿತು. ಅಲ್ಲಿಗೆ ಎಲ್ಲ ಮುಗಿಯಿತು. ಸಂಕಮ್ಮ ಯಾರು? ಗಂಡ ನೀಲೇಗೌಡ ಬೇಟೆಗೆ ಹೋಗುವ ಮುನ್ನ ಪಾತಿವ್ರತ್ಯದ ಭಾಷೆ ಕೊಡೆಂದು ಹಿಂಸಿಸಿದ ಹೆಂಗಸು. ಆಮೇಲೆ ಅವಳ ಮುಂದೆ ಭಿಕ್ಷೆಗೆ ಬಂದು ನಿಲ್ಲುವವನು ಮಾದಪ್ಪ. ಗಂಡಸಿನ ಅನುಮಾನದ ವಿರುದ್ಧ ನಿಂತ ಕತೆಯಿಂದ ಹಾಡನ್ನು ಕಿತ್ತು ಕುಣಿತಕ್ಕೆ ಹಾಕಿದರೆ ಕೆಡುವುದು ಮೊದಲು ಹಾಡಿನ ಅರ್ಥ. ಭಾವನೆಗೆ ನೋವಾಯಿತು ಎಂದವರು ಬಹಳ, ಅರ್ಥ ಕೆಟ್ಟಿತು ಎಂದವರು ಕಡಿಮೆ. ವಿಮರ್ಶೆ ಇಲ್ಲದ ಊರಲ್ಲಿ ಹಾಡಿಗೆ ಚಪ್ಪಾಳೆ ಇಲ್ಲವೆ ಕ್ಷಮಾಪಣೆ, ಈ ಎರಡೇ ದಾರಿ.

ಹಕ್ಕಿನ ಮಾತೂ ಇದಕ್ಕೆ ಸೇರಿದ್ದು. 2022ರಲ್ಲಿ ‘ಕಾಂತಾರ’ದ ಹಾಡೊಂದು ತಮ್ಮ ಹಾಡನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ನ್ಯಾಯಾಲಯಕ್ಕೆ ಹೋಯಿತು, ಕೋಯಿಕ್ಕೋಡಿನ ನ್ಯಾಯಾಲಯ ತಾತ್ಕಾಲಿಕ ತಡೆಯನ್ನೂ ಕೊಟ್ಟಿತು. ತಂಡಕ್ಕೆ ಹೆಸರಿತ್ತು, ಧ್ವನಿಮುದ್ರಣಕ್ಕೆ ತಾರೀಕಿತ್ತು. ನೀಲಗಾರನ ಧಾಟಿಯನ್ನು ನಾಳೆ ಯಾರಾದರೂ ಎತ್ತಿಕೊಂಡರೆ ‘ಸಾಂಪ್ರದಾಯಿಕ’ ಎಂದು ಬರೆದರೆ ಸಾಕು. ಕತೆ ಎಲ್ಲರದೂ ಹೌದು. ಆದರೆ ಅದನ್ನು ಹೀಗೇ ಹಾಡಬೇಕೆಂದು ಕಂಡುಕೊಂಡ ಕಂಠ ಒಬ್ಬರದು. ಹೆಸರು ಬರೆದಿಡುವ ವಿಮರ್ಶೆ ಆ ಒಬ್ಬರಿಗೆ ಸಾಕ್ಷಿ.

ಹೊರಗಿನ ಒಂದು ಉದಾಹರಣೆ ಇಲ್ಲಿ ನೆನಪಾಗುತ್ತದೆ. ಕವ್ವಾಲಿಯ ನುಸ್ರತ್ ಫತೇಹ್ ಅಲಿ ಖಾನ್ 1990ರಲ್ಲಿ ಮೈಕೆಲ್ ಬ್ರೂಕ್ ಜೊತೆ ‘ಮಸ್ತ್ ಮಸ್ತ್’ ಆಲ್ಬಂ ತಂದರು. ಸಂಕಲನ ಮಾಡುವಾಗ ಬ್ರೂಕ್ ತಿಳಿಯದೆ ಕೆಲವು ಕಡೆ ಮಾತಿನ ನಡುವೆ ಕತ್ತರಿ ಹಾಕಿದ್ದರು, ಅರ್ಥ ಮುರಿದಿತ್ತು. ನುಸ್ರತ್ ಒಪ್ಪಲಿಲ್ಲ, ತಿದ್ದಿಸಿದರು. ಆಲ್ಬಂ ಜಗತ್ತೆಲ್ಲ ಸುತ್ತಿತು. ಬೆರಕೆ ತಪ್ಪಲ್ಲ ಎಂಬುದಕ್ಕೂ, ಬೆರಕೆಯ ಕೋಣೆಯಲ್ಲಿ ಮೂಲದವರು ಕೂತಿರಬೇಕು ಎಂಬುದಕ್ಕೂ ಇದು ಪಾಠ. ನಮ್ಮ ತಂಡಗಳು ಧ್ವನಿಮುದ್ರಣಕ್ಕೆ ನೀಲಗಾರರನ್ನು ಕರೆದು ನಾಲ್ಕು ಸಾಲು ಹಾಡಿಸಿ ಕಳಿಸಿದರೆ ಸಾಲದು. ‘ಇಲ್ಲಿ ಕತ್ತರಿಸಬೇಡಿ’ ಎನ್ನುವ ಅಧಿಕಾರ ಅವರಿಗಿರಬೇಕು, ಅವರ ಪಾಲಿನ ಹಣವೂ ಸಿಗಬೇಕು.

ವೇದಿಕೆಗಳ ಸ್ಥಿತಿಯೂ ಇಷ್ಟೇ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಸಾಹಿತ್ಯ ಸಮ್ಮೇಳನಕ್ಕೆ ಜಾನಪದ ವಿದ್ವಾಂಸರಾದ ಗೊ.ರು. ಚನ್ನಬಸಪ್ಪ ಅಧ್ಯಕ್ಷರಾದದ್ದು ಸಂತೋಷದ ಸಂಗತಿ. ಆದರೆ ನಮ್ಮ ಸರ್ಕಾರಿ ಉತ್ಸವಗಳ ವಾಡಿಕೆ ಬದಲಾಗಿಲ್ಲ. ಬಿಸಿಲಿನ ಮೆರವಣಿಗೆಗೆ ಜಾನಪದ ತಂಡಗಳು, ರಾತ್ರಿಯ ದೀಪದ ವೇದಿಕೆಗೆ ಸಿನಿಮಾ ಹಾಡು. ವೇದಿಕೆ ಸಿಕ್ಕರೂ ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ನೀಲಗಾರ ತಂಬೂರಿ ಶ್ರುತಿ ಮಾಡಿ ಗುರುವನ್ನು ನೆನೆಯುವಷ್ಟರಲ್ಲಿ ನಿರೂಪಕರು ಮುಂದಿನ ತಂಡವನ್ನು ಕರೆಯುತ್ತಾರೆ. ಒಂದು ಸಂಜೆ, ಒಬ್ಬ ಹಾಡುಗಾರ, ಒಂದು ಪೂರ್ತಿ ಸಾಲು ಎಂಬ ಕಾರ್ಯಕ್ರಮವನ್ನು ಮಂಡ್ಯದ ಸಂಘಸಂಸ್ಥೆಗಳು ಯಾಕೆ ಮಾಡಬಾರದು? ಹೊಸ ತಂಡದವರನ್ನು ಅಂದು ಹಾಡಲು ಕರೆಯದೆ, ಕೇಳಲು ಕರೆಯಲಿ.

ಪತ್ರಿಕೆಗಳು ಮಾಡಬೇಕಾದ್ದು ಇನ್ನೂ ಸುಲಭ. ಹಾಡಿದವರ ಹೆಸರು, ಊರು, ಗುರುವಿನ ಹೆಸರು ಹಾಕಬೇಕು, ಹಿಮ್ಮೇಳದವರನ್ನೂ ಬಿಡಬಾರದು. ಚೆನ್ನಾಗಿದ್ದರೆ ಯಾಕೆಂದು, ಚೆನ್ನಾಗಿಲ್ಲದಿದ್ದರೆ ಎಲ್ಲಿ ಎಂದು ಬರೆಯಬೇಕು. ಉರೂಸಿನ ಕವ್ವಾಲಿಗೂ ಇದೇ ನ್ಯಾಯ ಸಲ್ಲಬೇಕು, ಅದೂ ಇವತ್ತಿನವರೆಗೆ ಜನಜಂಗುಳಿಯ ಸುದ್ದಿಯಾಗಿಯೇ ಬರುತ್ತಿದೆ. ಮುಂದಿನ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋಗುವ ವರದಿಗಾರರು ಎಷ್ಟು ಜನ ಸೇರಿದ್ದರು ಎಂದು ಬರೆದುಕೊಳ್ಳುವಾಗ, ಈ ರಾತ್ರಿ ಯಾರು ಯಾವ ಸಾಲು ಹಾಡಿದರು, ಹೇಗೆ ಹಾಡಿದರು ಎಂದೂ ಕೇಳಿ ಬರೆಯಲಿ.