ಸಾಲ್ಸಾ ಜಾಡಿಯಲ್ಲಿ ಹುಳಿಯ ಲೆಕ್ಕ

ಅಮೆರಿಕದ ಹಿತ್ತಿಲುಗಳಲ್ಲಿ ಬೇಸಿಗೆಯ ಕೊನೆಗೆ ಟೊಮೆಟೊ ಒಮ್ಮೆಲೇ ಹಣ್ಣಾಗುತ್ತದೆ. ತಿಂದು, ಹಂಚಿ ಮಿಕ್ಕಿದ್ದನ್ನು ಈರುಳ್ಳಿ, ಮೆಣಸಿನಕಾಯಿಯ ಜೊತೆ ಸಾಲ್ಸಾ ಮಾಡಿ, ಗಾಜಿನ ಜಾಡಿಗೆ ತುಂಬಿ, ಕುದಿನೀರಿನಲ್ಲಿ ಮುಳುಗಿಸಿ ಬೇಯಿಸಿ ಚಳಿಗಾಲಕ್ಕೆ ಎತ್ತಿಡುವುದು ಅಲ್ಲಿನ ರೂಢಿ. ಈ ಕೆಲಸಕ್ಕೆ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿರುವ ಮನೆ ಆಹಾರ ಸಂರಕ್ಷಣೆಯ ರಾಷ್ಟ್ರೀಯ ಕೇಂದ್ರ 'ಚಾಯ್ಸ್ ಸಾಲ್ಸಾ' ಎಂಬ ಪಾಕವನ್ನು ಕೊಟ್ಟಿದೆ. ಸಿಪ್ಪೆ, ಬೀಜ ತೆಗೆದು ಹೆಚ್ಚಿದ ಟೊಮೆಟೊ 6 ಕಪ್, ಈರುಳ್ಳಿ ಮತ್ತು ಮೆಣಸಿನಕಾಯಿ ಸೇರಿ 9 ಕಪ್, ಬಾಟಲಿಯಲ್ಲಿ ಬರುವ ನಿಂಬೆರಸ ಒಂದೂವರೆ ಕಪ್, ಉಪ್ಪು 3 ಟೀ ಚಮಚ. ಅಡುಗೆ ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ: ಟೊಮೆಟೊಗಿಂತ ಈರುಳ್ಳಿ, ಮೆಣಸಿನಕಾಯಿಯೇ ಜಾಸ್ತಿ, ಹುಳಿಯಂತೂ ಬಾಯಿ ಚುರ್ರೆನ್ನುವಷ್ಟು. ಆದರೆ ಈ ಪಾಕವನ್ನು ಹುಳಿಯ ಲೆಕ್ಕವಾಗಿ ಓದಬೇಕು. ಹಾಗೆ ಓದಿದಾಗ ಅದರ ಬಿಗಿ ಎಲ್ಲಿದೆ, ಸಡಿಲ ಎಲ್ಲಿದೆ ಎಂಬುದು ಕಾಣುತ್ತದೆ. ನನ್ನ ಮಟ್ಟಿಗೆ, ಮನೆಯ ಅಡುಗೆಯವರಿಗಾಗಿ ಬರೆದ ಪಾಕಗಳಲ್ಲಿ ಇಷ್ಟು ಯೋಚಿಸಿ ಬರೆದವು ಕಡಿಮೆ.

ಇಡೀ ಲೆಕ್ಕ ನಿಂತಿರುವುದು 4.6 ಎಂಬ ಒಂದು ಪಿಎಚ್ ಅಂಕಿಯ ಮೇಲೆ. ಪಿಎಚ್ ಇಳಿದಷ್ಟೂ ಹುಳಿ ಹೆಚ್ಚು. 4.6ಕ್ಕಿಂತ ಕೆಳಗೆ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬೆಳೆದು ವಿಷ ಮಾಡಲಾರದು; ಮೇಲೇರಿದರೆ ಮಾಡಬಲ್ಲದು. ಮಾಗಿದ ಟೊಮೆಟೊ ಸರಿಯಾಗಿ ಈ ಗಡಿಯ ಮೇಲೇ ಕೂತಿದೆ: ತಳಿ, ಮಾಗುವಿಕೆ ನೋಡಿಕೊಂಡು ಒಂದು ಹಣ್ಣು ಈಚೆಗಿದ್ದರೆ ಇನ್ನೊಂದು ಆಚೆಗಿರುತ್ತದೆ. ಈರುಳ್ಳಿ, ಮೆಣಸಿನಕಾಯಿಗಳಲ್ಲಿ ಹುಳಿ ತೀರಾ ಕಡಿಮೆ. ಅವು ಸೇರಿದಷ್ಟೂ ಸಾಲ್ಸಾ ಗಡಿ ದಾಟುತ್ತದೆ. "ಟೊಮೆಟೊ ಹೇಗೂ ಹುಳಿಯಲ್ಲವೇ" ಎಂಬ ಮಾತು ಸಾಲ್ಸಾಕ್ಕೆ ಒಪ್ಪದಿರುವುದು ಇದಕ್ಕೇ. ಹೆಚ್ಚು ಹೊತ್ತು ಕುದಿಸಿದರಾಯಿತು ಎನ್ನುವುದೂ ನಿಲ್ಲುವುದಿಲ್ಲ. ಈ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಯ ಕುದಿತವನ್ನು ತಾಳಿಕೊಳ್ಳುತ್ತವೆ. ಅವನ್ನು ಕೊಲ್ಲಲು ಒತ್ತಡದಲ್ಲಿ 116 ಡಿಗ್ರಿ ಅಥವಾ ಅದಕ್ಕೂ ಮೇಲಿನ ಶಾಖ ಬೇಕು. ನಮ್ಮ ಮನೆಯ ಕುಕ್ಕರನ್ನು ಆ ಜಾಗಕ್ಕೆ ತರುವಂತಿಲ್ಲ: ಬೇಗ ಕಾದು ಬೇಗ ಆರುವ ಸಣ್ಣ ಪಾತ್ರೆಗೆ ಯಾರೂ ಸಮಯ ಗೊತ್ತುಮಾಡಿಲ್ಲ. ಹಾಗಾಗಿ ಕುದಿನೀರಿನ ಜಾಡಿಯಲ್ಲಿ ಉಳಿದ ಬೀಜಕಣಗಳನ್ನು ಮಲಗಿಸಿಡುವ ಕೆಲಸ ನಿಂಬೆರಸದ್ದು. ತಾಜಾ ನಿಂಬೆ ಬೇಡವೆನ್ನುವುದೂ ಅದಕ್ಕಾಗಿಯೇ. ಹಣ್ಣಿಂದ ಹಣ್ಣಿಗೆ ಅದರ ಹುಳಿ ಬದಲಾಗುತ್ತದೆ, ಬಾಟಲಿಯದ್ದು ಒಂದೇ ಮಟ್ಟದಲ್ಲಿರುತ್ತದೆ. ನಿಂಬೆರಸದ ಬದಲು ಅಷ್ಟೇ ವಿನಿಗರ್ ಹಾಕುವಂತಿಲ್ಲ, ಅದರ ಹುಳಿ ಸಾಲದು.

ಉಪ್ಪಿನಕಾಯಿಯ ನಾಡಿನವರಾದ ನಾವು ಇಲ್ಲಿ ಮೋಸಹೋಗುವ ಸಾಧ್ಯತೆ ಹೆಚ್ಚು. ಭರಣಿಯ ಬಾಯಿವರೆಗೆ ಎಣ್ಣೆ ನಿಲ್ಲಿಸಿ ಗಾಳಿ ತಾಗದಂತೆ ನೋಡಿಕೊಂಡರೆ ಬೂಸ್ಟು ಹಿಡಿಯುವುದಿಲ್ಲ ಎಂಬುದು ತಲೆಮಾರುಗಳ ಅನುಭವ, ಸರಿಯಾದ ಅನುಭವ. ಮಾವಿನ ಮಿಡಿಗೆ ಸುರಿದ ಉಪ್ಪು ನೀರನ್ನು ಹೊರಗೆಳೆದು, ಒಳಗೆ ಏನೂ ಬೆಳೆಯದಷ್ಟು ಬಿಗಿ ಮಾಡಿರುತ್ತದೆ. ಕಾಯಿಯ ಹುಳಿಯೂ ಜೊತೆಗಿದೆ. ಸಾಲ್ಸಾದ 3 ಚಮಚ ಉಪ್ಪು ಬರೀ ರುಚಿಗೆ. ಅಲ್ಲಿ ಗಾಳಿಯನ್ನು ಹೊರಗಟ್ಟುವುದೆಂದರೆ ಬಾಟ್ಯುಲಿನಂಗೆ ಬೇಕಾದ ಮನೆ ಕಟ್ಟಿಕೊಟ್ಟಂತೆ, ಏಕೆಂದರೆ ಅದು ಬೆಳೆಯುವುದೇ ಗಾಳಿಯಿಲ್ಲದ ಕಡೆ. ಕುದಿನೀರಿನಿಂದ ತೆಗೆದ ಜಾಡಿ ಬಟ್ಟೆಯ ಮೇಲೆ ಆರುತ್ತಿರುವಾಗ ಮುಚ್ಚಳದ ನಡುವಿನ ಉಬ್ಬು ಒಳಕ್ಕೆ ಎಳೆದುಕೊಂಡು 'ಟಕ್' ಎನ್ನುತ್ತದೆ. ಬೆರಳಿಂದ ಒತ್ತಿದರೆ ಅಲುಗುವುದಿಲ್ಲ. ಈ ಸದ್ದನ್ನು ಗೆದ್ದ ಗುರುತೆಂದು ಎಷ್ಟೋ ಜನ ನಂಬುತ್ತಾರೆ. ಗಾಳಿ ಹೋಗಿದೆ ಎಂದಷ್ಟೇ ಅದು ಹೇಳುತ್ತದೆ. ಹುಳಿಯ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ.

"ಅಜ್ಜಿಯ ಕಾಲದಿಂದ ಹೀಗೇ ಮಾಡುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ" ಎಂಬುದು ಈ ಪಾಕದ ಮೇಲಿನ ಅತಿ ಗಟ್ಟಿಯಾದ ಆಕ್ಷೇಪ. ಇದನ್ನು ತಳ್ಳಿಹಾಕುವಂತಿಲ್ಲ, ಆ ಬ್ಯಾಕ್ಟೀರಿಯಾದ ವಿಷದಿಂದ ಬರುವ ಬಾಟ್ಯುಲಿಸಂ ಕಾಯಿಲೆ ನಿಜಕ್ಕೂ ಅಪರೂಪ. ಆದರೆ ಬಂದಾಗ ಒಂದೇ ಜಾಡಿ ಒಂದು ಪಂಕ್ತಿಯನ್ನೇ ಮಲಗಿಸುತ್ತದೆ. 1977ರಲ್ಲಿ ಮಿಷಿಗನ್‌ನ ಪಾಂಟಿಯಾಕ್‌ನಲ್ಲಿ, ಮನೆಯ ರೀತಿಯಲ್ಲಿ ಜಾಡಿಗೆ ತುಂಬಿಟ್ಟ ಹಲಪೇನ್ಯೊ ಮೆಣಸಿನಕಾಯಿ ಹಾಕಿದ ಖಾರದ ಸಾಸ್ ತಿಂದ 50ಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಬಂತು. 2015ರಲ್ಲಿ ಒಹಾಯೊದ ಲ್ಯಾಂಕಾಸ್ಟರ್‌ನಲ್ಲಿ ಚರ್ಚಿನ ಸಹಭೋಜನಕ್ಕೆ ತಂದ ಆಲೂಗಡ್ಡೆ ಸಲಾಡ್‌ನಿಂದ 29 ಜನ ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು. ಆ ಆಲೂಗಡ್ಡೆಯನ್ನು ಒತ್ತಡವಿಲ್ಲದೆ ಕುದಿನೀರಿನಲ್ಲಷ್ಟೇ ಬೇಯಿಸಿ ಜಾಡಿಯಲ್ಲಿಟ್ಟಿದ್ದರು. ಈ ವಿಷವಿರುವ ಊಟ ಹಳಸಿದ ವಾಸನೆ ಬರಲೇಬೇಕೆಂದಿಲ್ಲ, ರುಚಿ ಕೆಡಲೇಬೇಕೆಂದಿಲ್ಲ. ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು, ನುಂಗಲಾಗದಿರುವುದು ಶುರುವಾಗುವುದು ಊಟ ಮುಗಿದು ಎಷ್ಟೋ ಗಂಟೆಗಳ ಮೇಲೆ. ಅಜ್ಜಿಯ ಕೈ ಅಳೆಯುತ್ತಿದ್ದುದು ಮೂಗಿಂದ, ನಾಲಗೆಯಿಂದ. ಇಲ್ಲಿ ಆ ಎರಡಕ್ಕೂ ಸುಳಿವು ಸಿಗದೇ ಹೋಗಬಹುದು.

ಹಾಗೆಂದು ಪಾಕದಲ್ಲಿ ಕುಂದಿಲ್ಲವೆಂದಲ್ಲ. ಜೀವದ ಪ್ರಶ್ನೆಯನ್ನು ಕಪ್ಪಿನಲ್ಲಿ ಅಳೆಯುವುದು ನನಗೆ ಸರಿಕಾಣುವುದಿಲ್ಲ. ಸಣ್ಣಗೆ ಕೊಚ್ಚಿದ ಈರುಳ್ಳಿ ಕಪ್ಪಿನಲ್ಲಿ ಒತ್ತಾಗಿ ಕೂರುತ್ತದೆ, ದಪ್ಪ ಹೋಳಿನ ನಡುವೆ ಗಾಳಿ ನಿಲ್ಲುತ್ತದೆ. ಒಂಬತ್ತು ಕಪ್ಪಿನಲ್ಲಿ ಆ ವ್ಯತ್ಯಾಸ ಸಣ್ಣದಲ್ಲ. ಗ್ರಾಂ ಲೆಕ್ಕ ಕೊಡಬೇಕಿತ್ತು. ಆದರೂ ಇದರ ಗುಣ ದೊಡ್ಡದು. 9 ಕಪ್ಪಿನೊಳಗೆ ಈರುಳ್ಳಿ ಎಷ್ಟು, ಮೆಣಸಿನಕಾಯಿ ಎಷ್ಟು, ಖಾರದ್ದೋ ದಪ್ಪ ಮೆಣಸಿನಕಾಯಿಯೋ ಎಂಬುದನ್ನು ಮಾಡುವವರಿಗೇ ಬಿಟ್ಟಿದೆ. ಒಟ್ಟು ಮೀರಬಾರದು, ಅಷ್ಟೇ. ಬೇಯಿಸುವ ಹೊತ್ತು ಮಾತ್ರ ಊರಿನ ಎತ್ತರಕ್ಕೆ ತಕ್ಕಂತೆ: 1,000 ಅಡಿವರೆಗೆ ಪೈಂಟ್ ಜಾಡಿಗೆ 15 ನಿಮಿಷ, ಅಲ್ಲಿಂದ 6,000 ಅಡಿವರೆಗೆ 20. ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಸುಮಾರು 3,000 ಅಡಿಯ ಬೆಂಗಳೂರಿನಲ್ಲಿ ಯಾರಾದರೂ ಇದನ್ನು ಮಾಡಿದರೆ 20 ನಿಮಿಷವೇ ಬೇಕು.

ಉಳಿಯುವುದು ರುಚಿಯ ದೂರು, ಅದು ನ್ಯಾಯವಾದದ್ದು. ಹುಳಿ ಜಾಸ್ತಿಯೆನಿಸಿದರೆ ನಿಂಬೆರಸ ಇಳಿಸದೆ ಸ್ವಲ್ಪ ಸಕ್ಕರೆ ಸೇರಿಸಬಹುದು. ಸಕ್ಕರೆ ನಾಲಗೆಯನ್ನು ಸಮಾಧಾನ ಮಾಡುತ್ತದೆಯೇ ಹೊರತು ಪಿಎಚ್ ಅನ್ನು ಮೇಲೇರಿಸುವುದಿಲ್ಲ. ಜೋಳ, ಬೀನ್ಸ್, ಹೆಚ್ಚಿನ ಈರುಳ್ಳಿ, ಹಸಿ ಕೊತ್ತಂಬರಿ ಏನೇ ಬೇಕೆನಿಸಿದರೂ ಜಾಡಿ ತೆರೆದ ದಿನ ಬಟ್ಟಲಿನಲ್ಲಿ ಬೆರೆಸಿಕೊಳ್ಳಬಹುದು. ಆ ನಿಂಬೆ ಬೇಡವೇ ಬೇಡ, ತನ್ನದೇ ಅಳತೆ ಬೇಕು ಎನ್ನುವವರಿಗೆ ಫ್ರೀಜರ್ ಇದೆ; ಅಲ್ಲಿಟ್ಟ ಸಾಲ್ಸಾ ಕರಗಿದಾಗ ಒಂದಿಷ್ಟು ನೀರು ಬಿಟ್ಟುಕೊಳ್ಳುತ್ತದೆ.