ಸೆರೆಮನೆಯು ಉದ್ಯಾನವಾದ ಬಗೆ

ಮೂಡುಬಿದಿರೆಯ ಚೌಟರ ಅರಮನೆಯಲ್ಲಿ ನವನಾರೀಕುಂಜರದ ಕೆತ್ತನೆಯೊಂದೇ ಸಾಕು, ಹಿಂದಿನ ಆಳ್ವಿಕೆಯ ವೈಭವವನ್ನು ಸಾರುವುದಕ್ಕೆ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿನ ಕಟ್ಟಡಕ್ಕೆ ಅಂತಹ ಶೃಂಗಾರವಿಲ್ಲ. ಗೋಡೆ, ಕೋಣೆ, ಕಾವಲುಗೋಪುರ, ಅಷ್ಟೆ. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಬಂಧಿಗಳಾಗಿದ್ದುದು ಇಲ್ಲಿ. ನಟಿ ಸ್ನೇಹಲತಾ ರೆಡ್ಡಿಯವರು ಉಬ್ಬಸದಿಂದ ನರಳಿದುದೂ ಇಲ್ಲಿಯೇ. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಹೋದರು.

ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಬಳಿಕ, 2008ರಲ್ಲಿ ಈ ಸ್ಥಳವು ಫ್ರೀಡಂ ಪಾರ್ಕ್ ಎಂಬ ಹೆಸರಿನ ಸಾರ್ವಜನಿಕ ಉದ್ಯಾನವಾಯಿತು. ಕಾವಲುಗೋಪುರವನ್ನೂ ಕೆಲವು ಬ್ಯಾರಕುಗಳನ್ನೂ ಕೆಡಹದೆ ಉಳಿಸಿಕೊಂಡುದು ಯೋಜಕರ ವಿವೇಕವೇ ಸರಿ. ಸೆರೆಯ ಕುರುಹುಗಳನ್ನೆಲ್ಲ ಹೂಗಿಡಗಳಿಂದ ಮುಚ್ಚಿದ್ದರೆ ಆ ಹೆಸರಿಗೆ ಅರ್ಥವೆಲ್ಲಿಯದು? ಪ್ರತಿಭಟನೆಗೆಂದು ಒಂದು ಭಾಗವನ್ನು ಬಿಟ್ಟುಕೊಟ್ಟುದಂತೂ ಇನ್ನಷ್ಟು ಮೆಚ್ಚತಕ್ಕ ಸಂಗತಿ.

ಆದರೆ 2021ರ ಸರಕಾರಿ ಆಜ್ಞೆಯು ನಗರದ ಪ್ರತಿಭಟನೆಗಳೆಲ್ಲವೂ ಇಲ್ಲಿಯೇ ನಡೆಯತಕ್ಕುದೆಂದು ವಿಧಿಸಿತು. ಕೊಟ್ಟ ಅಂಗಳವೇ ಕಟ್ಟುಪಾಡಾಯಿತು. ಇದು ಉದ್ಯಾನವನ್ನು ರೂಪಿಸಿದವರ ತಪ್ಪಲ್ಲ. ಅವರ ಕೆಲಸವನ್ನು ಆಳುವವರು ಬಳಸಿಕೊಂಡ ರೀತಿಯೇ ಆಕ್ಷೇಪಾರ್ಹವಾದುದು. ಬಂಟವಾಳದಿಂದಲೋ ಬೆಳ್ತಂಗಡಿಯಿಂದಲೋ ಅಹವಾಲು ಹೊತ್ತು ರಾಜಧಾನಿಗೆ ಹೋದ ರೈತರ ಗುಂಪು ವಿಧಾನಸೌಧದ ಎದುರು ನಿಲ್ಲುವಂತಿಲ್ಲ. ಈ ಹಳೆಯ ಗೋಡೆಗಳ ಒಳಗೇ ನಿಂತು ಕೂಗಬೇಕು.