ಪಾದದ ನರ, ಶೇಕಡಾ ಲೆಕ್ಕ

ಮೂರನೇ ಮತ್ತು ನಾಲ್ಕನೇ ಕಾಲ್ಬೆರಳುಗಳ ಬುಡದ ಸಂದಿನಲ್ಲಿ ಹಾದುಹೋಗುವ ಸಣ್ಣ ನರವೊಂದು ದಪ್ಪಗಾಗಿ ನೋಯತೊಡಗಿದರೆ ವೈದ್ಯರು ಅದನ್ನು ಮಾರ್ಟನ್ಸ್ ನ್ಯೂರೋಮಾ ಎನ್ನುತ್ತಾರೆ. ಬೂಟಿನೊಳಗೆ ಹರಳೊಂದು ಸೇರಿಕೊಂಡಂತೆ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತದೆ. ನಡೆದಷ್ಟೂ ಉರಿ, ಬೆರಳುಗಳಿಗೆ ಜೋಮು. ಬೂಟು ಕಳಚಿ ಪಾದ ನೀವಿಕೊಂಡರೆ ತುಸು ಹಾಯೆನಿಸುತ್ತದೆ. ನಡುವಯಸ್ಸಿನ ಹೆಂಗಸರಲ್ಲಿ, ಮುಂತುದಿ ಕಿರಿದಾದ ಬೂಟು ಹಾಗೂ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕುವವರಲ್ಲಿ ಇದು ಹೆಚ್ಚು. ಕಾಯಿಲೆಗೆ ಹೆಸರು ಕೊಟ್ಟ ಫಿಲಡೆಲ್ಫಿಯಾದ ಶಸ್ತ್ರವೈದ್ಯ ಥಾಮಸ್ ಜಾರ್ಜ್ ಮಾರ್ಟನ್ 1876ರಲ್ಲಿ ಇದನ್ನು ವಿವರಿಸಿದಾಗ ತಪ್ಪು ಕೀಲಿನದೆಂದು ತಿಳಿದು ಕೀಲನ್ನೇ ಕತ್ತರಿಸಿ ತೆಗೆಯುವುದನ್ನು ಸೂಚಿಸಿದ್ದ. ನರವನ್ನೇ ತೆಗೆದುಹಾಕುವ ಆಪರೇಷನ್‌ಗೆ ದಾರಿಯಾದದ್ದು 1940ರಲ್ಲಿ, ಆಸ್ಟ್ರೇಲಿಯಾದ ಬೆಟ್ಸ್ ಬರೆದ ಲೇಖನದಿಂದ. ಇಂದು ರೋಗಿಯ ಮುಂದಿರುವ ದಾರಿಗಳು ಹಲವು: ಅಗಲ ಮೂತಿಯ ಪಾದರಕ್ಷೆ ಮತ್ತು ಮುಂಗಾಲಿನಡಿಯ ಮೆತ್ತೆ, ಸ್ಟೆರಾಯ್ಡ್ ಇಂಜೆಕ್ಷನ್, ಆಲ್ಕೋಹಾಲ್ ಇಂಜೆಕ್ಷನ್, ನರದ ಮೇಲಿನ ಒತ್ತಡವನ್ನಷ್ಟೇ ಬಿಡಿಸುವ ಆಪರೇಷನ್, ಕೊನೆಗೆ ನರವನ್ನೇ ತೆಗೆಯುವ ಆಪರೇಷನ್. ಇವುಗಳಲ್ಲಿ ಆಯ್ಕೆ ಮಾಡುವಾಗ ರೋಗಿಯೂ ವೈದ್ಯರೂ ಮೊದಲು ಕೈಹಾಕುವುದು ‘ನೂರಕ್ಕೆ ಎಷ್ಟು ಮಂದಿಗೆ ಗುಣ’ ಎಂಬ ಲೆಕ್ಕಕ್ಕೆ. ಈ ಕಾಯಿಲೆಯಲ್ಲಿ ಆ ಲೆಕ್ಕ ನಂಬಲರ್ಹ ಅಳತೆಗೋಲಲ್ಲ. ಚಿಕಿತ್ಸೆ ಫಲಿಸದೆ ಹೋದರೆ ರೋಗಿಯ ಕೈಯಲ್ಲಿ ಇನ್ನೇನು ಉಳಿದಿರುತ್ತದೆ ಎಂಬುದೇ ಮೊದಲು ಕೇಳಬೇಕಾದ ಪ್ರಶ್ನೆ.

ಶೇಕಡಾ ಲೆಕ್ಕವನ್ನು ಏಕೆ ನೆಚ್ಚಲಾಗದು ಎಂಬುದಕ್ಕೆ ಆಲ್ಕೋಹಾಲ್ ಇಂಜೆಕ್ಷನ್ನಿನ ಕಥೆಯೇ ಸಾಕು. ಬ್ರಿಟನ್ನಿನಲ್ಲಿ 101 ರೋಗಿಗಳಿಗೆ ಈ ಚಿಕಿತ್ಸೆ ಕೊಟ್ಟು 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ ಶೇ. 94 ಮಂದಿಗೆ ಪೂರ್ತಿಯಾಗಿಯೋ ಭಾಗಶಃವೋ ಗುಣ ಕಂಡಿತ್ತು. ಅದೇ ಗುಂಪಿನಲ್ಲಿ ಕೈಗೆ ಸಿಕ್ಕ 45 ಮಂದಿಯನ್ನು ಐದು ವರ್ಷಗಳ ನಂತರ ವಿಚಾರಿಸಿದಾಗ ನೋವಿಲ್ಲದೆ ಉಳಿದಿದ್ದವರು ಶೇ. 29 ಮಾತ್ರ, ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಆ ವೇಳೆಗೆ ಆಪರೇಷನ್ ಮಾಡಿಸಿಕೊಂಡಿದ್ದರು. ಶಸ್ತ್ರಚಿಕಿತ್ಸೆಯ ಲೆಕ್ಕವೂ ಇಷ್ಟೇ ಜಾರುತ್ತದೆ. ನರ ತೆಗೆಸಿಕೊಂಡವರನ್ನು ಸರಾಸರಿ ಐದಾರು ವರ್ಷಗಳ ಮೇಲೆ ವಿಚಾರಿಸಿದ ಅಮೆರಿಕದ ಎರಡು ವರದಿಗಳಿವೆ. 2001ರದ್ದರಲ್ಲಿ ಫಲಿತಾಂಶ ‘ಚೆನ್ನಾಗಿದೆ’ ಅಥವಾ ‘ಬಹಳ ಚೆನ್ನಾಗಿದೆ’ ಎಂಬ ಮಟ್ಟದಲ್ಲಿದ್ದವರು ಶೇ. 85, 2008ರದ್ದರಲ್ಲಿ ಶೇ. 51, ಫಲಿತಾಂಶ ಕಳಪೆಯಾದವರು ಸುಮಾರು ಶೇ. 40. ಅದೇ ಆಪರೇಷನ್, ಹೆಚ್ಚುಕಡಿಮೆ ಅಷ್ಟೇ ಕಾಲದ ಅಂತರ, ಆದರೂ ಉತ್ತರದಲ್ಲಿ ಇಷ್ಟು ಅಂತರ. ಯಾರನ್ನು ಆರಿಸಿಕೊಂಡರು, ಏನನ್ನು ಕೇಳಿದರು, ನೋವನ್ನು ಯಾವ ಮಾನದಿಂದ ಅಳೆದರು ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ. ಜೊತೆಗೆ, ನೋವು ಮಿತಿಮೀರಿದಾಗಲೇ ಜನ ಆಸ್ಪತ್ರೆಗೆ ಬರುತ್ತಾರೆ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಒಂದಿಷ್ಟು ಇಳಿಯುವ ಸಂಭವವಿರುವುದರಿಂದ, ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲದ ಅಧ್ಯಯನ ಆ ಇಳಿತವನ್ನೂ ಚಿಕಿತ್ಸೆಯ ಖಾತೆಗೇ ಬರೆದುಕೊಳ್ಳುತ್ತದೆ. ಚಿಕಿತ್ಸೆಗಳ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆ ಈ ಕಾಯಿಲೆಯ ಚಿಕಿತ್ಸೆಗಳನ್ನು 2004ರಲ್ಲೂ 2024ರಲ್ಲೂ ಪರಾಮರ್ಶಿಸಿತು. ಇಪ್ಪತ್ತು ವರ್ಷ ಕಳೆದ ಮೇಲೂ ಪರಿಗಣಿಸಲು ಸಿಕ್ಕ ಯಾದೃಚ್ಛಿಕ ಪ್ರಯೋಗಗಳು ಬೆರಳೆಣಿಕೆಯಷ್ಟೇ.

ರೋಗವನ್ನು ಗುರುತಿಸುವ ಹಂತದಲ್ಲೇ ಇನ್ನೊಂದು ತೊಡಕಿದೆ. ಪಳಗಿದ ವೈದ್ಯರು ಒಂದು ಕೈಯಲ್ಲಿ ಮುಂಗಾಲನ್ನು ಎರಡೂ ಬದಿಯಿಂದ ಅಮುಕಿ, ಇನ್ನೊಂದು ಕೈಯ ಹೆಬ್ಬೆರಳಿನಿಂದ ಸಂದನ್ನು ಅಂಗಾಲಿನ ಕಡೆಯಿಂದ ಒತ್ತುತ್ತಾರೆ. ದಪ್ಪಗಾದ ನರ ಎಲುಬುಗಳ ನಡುವಿನಿಂದ ಜಾರುವಾಗ ಬೆರಳಿಗೆ ‘ಕಟಕ್’ ಎಂದು ಬಡಿಯುತ್ತದೆ. ರೋಗಿ ‘ಇದೇ ನೋವು’ ಎಂದು ಕಾಲು ಎಳೆದುಕೊಂಡರೆ ಅನುಮಾನ ಗಟ್ಟಿಯಾಗುತ್ತದೆ. ಎಂಆರ್‌ಐ ಮಾತ್ರ ನಾವು ಅಂದುಕೊಂಡಷ್ಟು ತೀರ್ಪುಗಾರನಲ್ಲ. ಯಾವ ನೋವೂ ಇಲ್ಲದವರ ಪಾದಗಳನ್ನು ಹೀಗೆ ಪರೀಕ್ಷಿಸಿದಾಗ ಸುಮಾರು ಮೂರರಲ್ಲೊಬ್ಬರಲ್ಲಿ ದಪ್ಪಗಾದ ನರ ಕಂಡಿದೆ. ಅಂದಮೇಲೆ ಚಿತ್ರದಲ್ಲಿ ಕಂಡದ್ದೇ ನೋವಿನ ಮೂಲ ಎನ್ನುವಂತಿಲ್ಲ. ಪಕ್ಕದ ಕೀಲಿನ ಉರಿಯೂತವೂ ಇದೇ ಜಾಗದಲ್ಲಿ ನೋಯುತ್ತದೆ. ತಪ್ಪಾಗಿ ಗುರುತಿಸಿ ಮೆತ್ತೆ ಹಾಕಿದರೆ ಮೆತ್ತೆ ತೆಗೆದರಾಯಿತು. ತಪ್ಪಾಗಿ ಗುರುತಿಸಿ ನರ ತೆಗೆದರೆ ಹಳೆಯ ನೋವು ಇದ್ದಲ್ಲೇ ಇರುತ್ತದೆ, ಮೇಲೆ ಬೆರಳ ಸಂದಿಗೆ ಶಾಶ್ವತ ಮರಗಟ್ಟು ಬರುತ್ತದೆ.

ಚೇತರಿಕೆಯನ್ನು ಚಿಕಿತ್ಸೆಯ ಒಂದು ಭಾಗವಾಗಿಯೇ ತೂಗಬೇಕು ಎನ್ನುವುದು ಇದಕ್ಕೇ. ಆಪರೇಷನ್ ಚಿಕ್ಕದು, ಅದೇ ದಿನ ಮನೆಗೆ ಹೋಗಬಹುದು ಎಂಬ ಮಾತು ನಿಜವೇ. ಆದರೆ ಅದು ಗಾಯದ ಬಗ್ಗೆ ಆಡಿದ ಮಾತು, ನರದ ಬಗ್ಗೆ ಅಲ್ಲ. ಸುಮಾರು ಎರಡು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ, ಕೆಲವು ವಾರ ಗಟ್ಟಿ ಅಡಿಯ ಪಾದರಕ್ಷೆ, ಊತ ಪೂರ್ತಿ ಇಳಿಯಲು ತಿಂಗಳುಗಳು. ಅಷ್ಟರಲ್ಲಿ ಒಳಗೆ ಬೇರೆಯೇ ಕೆಲಸ ನಡೆದಿರುತ್ತದೆ. ಕತ್ತರಿಸಿದ ನರದ ತುದಿ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಚಿಗುರಲು ನೋಡುತ್ತದೆ. ಮುಂದೆ ದಾರಿಯಿಲ್ಲದಾಗ ಆ ಚಿಗುರುಗಳು ಸುತ್ತಿಕೊಂಡು ಗಂಟಾಗಬಹುದು. ಗಂಟು ಮೈಭಾರ ಬೀಳುವ ಜಾಗದಲ್ಲೇ ಕೂತರೆ ಮೊದಲಿಗಿಂತ ಹಟಮಾರಿಯಾದ ನೋವು ಶುರುವಾಗುತ್ತದೆ. ಬೆರಳಿನಿಂದ ತಟ್ಟಿದರೆ ಕರೆಂಟು ಹೊಡೆದಂತೆ ಸೆಳೆಯುತ್ತದೆ. ಇದನ್ನು ತಪ್ಪಿಸಲೆಂದೇ ಬಲ್ಲ ಸರ್ಜನ್ನರು ನರವನ್ನು ಸಾಕಷ್ಟು ಹಿಂದಕ್ಕೆ ಕತ್ತರಿಸಿ, ತುದಿ ಸ್ನಾಯುಗಳ ನಡುವೆ ಅಡಗುವಂತೆ ಮಾಡುತ್ತಾರೆ. ಆದರೂ ಮರುಕಳಿಸಿದರೆ ಎರಡನೇ ಆಪರೇಷನ್ನಿನ ಫಲ ಮೊದಲಿನದಕ್ಕಿಂತ ಅನಿಶ್ಚಿತ. ಚೇತರಿಕೆಯ ಈ ಮಾತಿಗೆ ನಮ್ಮ ಮನೆಗಳಲ್ಲೊಂದು ವಿಶೇಷ ಅರ್ಥವಿದೆ. ‘ಮೆತ್ತನೆಯ ಬೂಟು ಹಾಕಿಕೊಳ್ಳಿ’ ಎಂಬ ಸಲಹೆ ಮನೆಯೊಳಗೂ ಬೂಟು ತೊಡುವ ಸಮಾಜದಲ್ಲಿ ಹುಟ್ಟಿದ್ದು. ಗ್ರಾನೈಟ್ ನೆಲದ ಅಡುಗೆಮನೆಯಲ್ಲಿ ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವವರಿಗೆ, ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕುವವರಿಗೆ ಮನೆಯೊಳಗಿನ ಚಪ್ಪಲಿಯ ಮಾತನ್ನು ಬಿಡಿಸಿ ಹೇಳದಿದ್ದರೆ ಆ ಸಲಹೆ ಅರ್ಧಕ್ಕೇ ನಿಲ್ಲುತ್ತದೆ.

ಈ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ: ಹಿಂತಿರುಗಬಹುದಾದ ಚಿಕಿತ್ಸೆ ಮೊದಲು ಎನ್ನುತ್ತಾ ಹೋದರೆ ರೋಗಿ ವರ್ಷಗಟ್ಟಲೆ ನರಳಬೇಕಾಗುತ್ತದೆ, ದಿನಗೂಲಿಯವರಿಗೆ ಪದೇ ಪದೇ ಆಸ್ಪತ್ರೆಗೆ ಅಲೆಯುವುದೇ ನಷ್ಟ. ಇದರಲ್ಲಿ ಹುರುಳಿದೆ. ಆದ್ದರಿಂದ ಪ್ರತಿ ಮೆಟ್ಟಿಲಿಗೂ ಗಡುವು ಬೇಕು: ಮೆತ್ತೆ ಮತ್ತು ಪಾದರಕ್ಷೆಯ ಬದಲಾವಣೆಗೆ ಒಂದೆರಡು ತಿಂಗಳು, ಫಲವಿಲ್ಲದಿದ್ದರೆ ಮುಂದಿನದು. ಸ್ಟೆರಾಯ್ಡ್‌ಗೂ ಮಿತಿಯಿದೆ. 2013ರಲ್ಲಿ ಪ್ರಕಟವಾದ, 131 ಮಂದಿಯ ಪ್ರಯೋಗದಲ್ಲಿ ಬರೀ ಮರಗಟ್ಟಿಸುವ ಔಷಧಿಗಿಂತ ಸ್ಟೆರಾಯ್ಡ್ ಸೇರಿದ ಇಂಜೆಕ್ಷನ್ ಮೂರು ತಿಂಗಳಿಗೆ ಮೇಲೆನಿಸಿತು. ಹಾಗೆಂದು ಅದನ್ನೇ ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಅಂಗಾಲಿನ ಕೊಬ್ಬಿನ ಪದರ ತೆಳುವಾಗಬಹುದು, ಕಂದು ಚರ್ಮದ ಮೇಲೆ ಎದ್ದು ಕಾಣುವ ಬಿಳಿ ಮಚ್ಚೆ ಬೀಳಬಹುದು. ಎರಡನೇ ಆಕ್ಷೇಪ ಇನ್ನೂ ಚೂಪಾದದ್ದು: ಪ್ರಯೋಗಗಳು ಕಡಿಮೆ ಎಂದ ಮಾತ್ರಕ್ಕೆ ಆಪರೇಷನ್ ನಿಷ್ಪ್ರಯೋಜಕವೆಂದಾಗುವುದಿಲ್ಲ, ನರ ತೆಗೆಸಿಕೊಂಡು ಆರಾಮಾಗಿ ಓಡಾಡುವವರು ಬೇಕಾದಷ್ಟಿದ್ದಾರೆ. ಒಪ್ಪಬೇಕಾದ ಮಾತೇ. ಇಲ್ಲಿನ ವಾದ ಆಪರೇಷನ್ ಬೇಡವೆಂದಲ್ಲ, ಅದರ ಸರದಿ ಯಾವಾಗ ಎಂಬುದಷ್ಟೆ.

ಹಾಗೆ ನೋಡಿದರೆ ಸೂಜಿ ಸೌಮ್ಯ, ಚಾಕು ಕ್ರೂರ ಎಂಬ ರೂಢಿಯ ವಿಂಗಡಣೆಯೂ ಸಡಿಲವಾಗುತ್ತದೆ. ಆಲ್ಕೋಹಾಲ್ ಸೂಜಿಯಲ್ಲೇ ಹೋದರೂ ನರವನ್ನು ಹಾಳುಮಾಡುವುದೇ ಅದರ ಕೆಲಸ. 1979ರಲ್ಲಿ ಫ್ರಾನ್ಸಿನ ಗೋತಿಯೇ ಪ್ರಕಟಿಸಿದ ಆಪರೇಷನ್ ಚಾಕುವಿನದೇ ಆದರೂ ಎಲುಬುಗಳ ನಡುವಿನ ಬಿಗಿ ಪಟ್ಟಿಯನ್ನಷ್ಟೇ ಕೊಯ್ದು ನರವನ್ನು ಉಳಿಸುತ್ತದೆ. ಅದು ಫಲಿಸದಿದ್ದರೆ ನರ ತೆಗೆಯುವ ದಾರಿ ಇನ್ನೂ ತೆರೆದೇ ಇರುತ್ತದೆ. ಗೆರೆ ಎಳೆಯಬೇಕಾದದ್ದು ನರ ಉಳಿಸುವ ಚಿಕಿತ್ಸೆ ಮತ್ತು ನರ ಕಳೆಯುವ ಚಿಕಿತ್ಸೆಗಳ ನಡುವೆ. ಸಹಿ ಹಾಕುವ ಮುನ್ನ ರೋಗಿ ಕೇಳಬೇಕಾದದ್ದು ಮೂರು: ನೋವಿನ ಮೂಲ ಈ ನರವೇ ಎಂದು ಕೈಯಿಂದ ಪರೀಕ್ಷಿಸಿ ಖಚಿತಪಡಿಸಿದ್ದೀರಾ, ನರವನ್ನು ಉಳಿಸುವ ದಾರಿಗಳೆಲ್ಲ ಮುಗಿದವೇ, ಇದೂ ಕೈಕೊಟ್ಟರೆ ಮುಂದೇನು? ನೂರಕ್ಕೆ ಎಂಬತ್ತು ಎಂಬ ಭರವಸೆ ಈ ಮೂರಕ್ಕೂ ಉತ್ತರವಲ್ಲ. ಮೂರಕ್ಕೂ ನೇರ ಉತ್ತರ ಸಿಕ್ಕ ಮೇಲೆ ಮಾಡಿಸಿಕೊಳ್ಳುವ ಆಪರೇಷನ್ ದುಡುಕಿನದಲ್ಲ. ಅಲ್ಲಿಯವರೆಗೆ ಕಾಯುವುದು ಅಂಜುಬುರುಕುತನವೂ ಅಲ್ಲ.